ಲ್ಯಾಟಿಸ್‌ನಿಂದ ಬೇರಿಂಗ್‌ಗೆ: ಒಬ್ಬ ಸೈದ್ಧಾಂತಿಕ ಭೌತವಿಜ್ಞಾನಿ ಮಷೀನ್ ಲರ್ನಿಂಗ್‌ಗೆ ಬಂದ ಪ್ರಕರಣ

ಭೌತವಿಜ್ಞಾನ ಬಿಟ್ಟು ಮಷೀನ್ ಲರ್ನಿಂಗ್‌ಗೆ ಬರುವವರ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ: ‘ಗಣಿತ ಹೇಗೂ ಗೊತ್ತಿರುತ್ತದೆ, ಉಳಿದದ್ದನ್ನು ಆರೇ ತಿಂಗಳಲ್ಲಿ ಕಲಿತುಬಿಡುತ್ತಾರೆ.’ ನಾನು ಹತ್ತಿರದಿಂದ ನೋಡಿದ ಈ ಪ್ರಕರಣದಲ್ಲಿ ಆ ಮಾತು ಅರ್ಧಕ್ಕರ್ಧ ಸುಳ್ಳಾಯಿತು. ಗಣಿತ ಬೇಕಾದಷ್ಟು ಇತ್ತು, ಆದರೆ ಮೊದಲ ವರ್ಷವಿಡೀ ಅದಕ್ಕೆ ಹೆಚ್ಚು ಕೆಲಸ ಬೀಳಲಿಲ್ಲ. ಕೈ ಹಿಡಿದದ್ದು ಅವರು ತಮ್ಮ ರೆಸ್ಯೂಮೆಯಲ್ಲಿ ಬರೆದುಕೊಳ್ಳುವ ಯೋಗ್ಯತೆಯಿದೆ ಎಂದೂ ಅಂದುಕೊಂಡಿರದ ಒಂದು ಹಳೇ ಅಭ್ಯಾಸ. ಅವರು ಸೇರಿದ ಕಂಪನಿಯಲ್ಲಿ ನಾನು ಪಕ್ಕದ ತಂಡದವನು. ಹೊಸಬರಿಗೆ ಜೊತೆ ನಿಲ್ಲುವ ಮೆಂಟರ್ ಕೆಲಸ ನನಗೆ ಬಂದಿತ್ತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಬರುವಾಗ ಏನು ತಂದಿದ್ದರು

ಅವರ ಪಿಎಚ್‌ಡಿಯೂ ಆಮೇಲಿನ ಎರಡು ಪೋಸ್ಟ್‌ಡಾಕ್‌ಗಳೂ ಲ್ಯಾಟಿಸ್ ಕ್ವಾಂಟಮ್ ಕ್ರೋಮೋಡೈನಮಿಕ್ಸ್‌ನಲ್ಲಿ. ಕ್ವಾರ್ಕ್‌ಗಳನ್ನು ಪ್ರೋಟಾನಿನೊಳಗೆ ಬಿಗಿದಿಡುವ ಪ್ರಬಲ ಬಲದ ಲೆಕ್ಕ, ಕಡಿಮೆ ಶಕ್ತಿಯಲ್ಲಿ, ಕಾಗದ ಪೆನ್ಸಿಲ್ಲಿಗೆ ಬಗ್ಗುವುದಿಲ್ಲ. 1974ರಲ್ಲಿ ಕೆನೆತ್ ವಿಲ್ಸನ್ ಒಂದು ದಾರಿ ತೋರಿಸಿದರು: ದೇಶಕಾಲವನ್ನೇ ನಾಲ್ಕು ಆಯಾಮದ ಜಾಲರಿಯಾಗಿ ಕತ್ತರಿಸಿ, ಅದರ ಬಿಂದುಗಳ ಮೇಲೆ ಕ್ವಾರ್ಕ್‌ಗಳನ್ನೂ ಬಿಂದುಗಳನ್ನು ಜೋಡಿಸುವ ಗೆರೆಗಳ ಮೇಲೆ ಗ್ಲುವಾನ್ ಕ್ಷೇತ್ರವನ್ನೂ ಕೂರಿಸುವುದು. ಆಗ ಉಳಿಯುವುದು ಲಕ್ಷಗಟ್ಟಲೆ, ಕೋಟಿಗಟ್ಟಲೆ ಚರಗಳಿರುವ ಒಂದು ಸಮಾಕಲನ. ಅದನ್ನು ನೇರವಾಗಿ ಬಿಡಿಸುವವರು ಯಾರೂ ಇಲ್ಲ. ಮಾಂಟೆ ಕಾರ್ಲೊ ವಿಧಾನದಿಂದ ಯಾದೃಚ್ಛಿಕವಾಗಿ ಮಾದರಿಗಳನ್ನು (ಸ್ಯಾಂಪಲ್‌ಗಳನ್ನು) ಹೆಕ್ಕಿ ಸರಾಸರಿ ತೆಗೆಯುತ್ತಾರೆ.

ಹೆಕ್ಕುವುದಕ್ಕೆ ಅವರ ದಿನನಿತ್ಯದ ಸಾಧನ ಹೈಬ್ರಿಡ್ ಮಾಂಟೆ ಕಾರ್ಲೊ. ಡ್ವೇನ್, ಕೆನಡಿ, ಪೆಂಡಲ್ಟನ್, ರೋವೆತ್ 1987ರಲ್ಲಿ ಲ್ಯಾಟಿಸ್ ಲೆಕ್ಕಗಳಿಗೆಂದೇ ಕಟ್ಟಿದ್ದು ಅದು. 1990ರ ದಶಕದಲ್ಲಿ ರಾಡ್‌ಫರ್ಡ್ ನೀಲ್ ಅದನ್ನೇ ನ್ಯೂರಲ್ ನೆಟ್‌ವರ್ಕ್‌ಗಳ ಬೇಸಿಯನ್ ಲೆಕ್ಕಕ್ಕೆ ಒಯ್ದರು. ಇವತ್ತು ಸಂಖ್ಯಾಶಾಸ್ತ್ರದವರು ಹ್ಯಾಮಿಲ್ಟೋನಿಯನ್ ಮಾಂಟೆ ಕಾರ್ಲೊ ಎಂದು ಕರೆದು, ಸ್ಟ್ಯಾನ್‌ನಂಥ ತಂತ್ರಾಂಶದಲ್ಲಿ ಬಳಸುವುದು ಅದರ ವಂಶದ್ದನ್ನೇ. ಎರಡು ಕ್ಷೇತ್ರಗಳ ನಡುವೆ ಇಂಥ ಓಡಾಟ ಹೊಸದಲ್ಲ. ಕಾಂತದ ಸ್ಪಿನ್ ಮಾದರಿಗಳಿಂದ 1982ರ ಹಾಪ್‌ಫೀಲ್ಡ್ ಜಾಲ, ಸಂಖ್ಯಾಶಾಸ್ತ್ರೀಯ ಯಂತ್ರಶಾಸ್ತ್ರದಿಂದ 1985ರ ಬೋಲ್ಟ್‌ಜ್‌ಮನ್ ಯಂತ್ರ ಹುಟ್ಟಿದವು; ಹಾಪ್‌ಫೀಲ್ಡ್ ಮತ್ತು ಹಿಂಟನ್‌ಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ಲೇ ಬಂತು. ಚಿತ್ರ ಸೃಷ್ಟಿಸುವ ಡಿಫ್ಯೂಷನ್ ಮಾದರಿಗಳ 2015ರ ಮೂಲ ಪ್ರಬಂಧ, ಶೀರ್ಷಿಕೆಯಲ್ಲೇ ಅಸಮತೋಲನ ಉಷ್ಣಗತಿಶಾಸ್ತ್ರದ ಹೆಸರು ಹೇಳುತ್ತದೆ.

ಈ ಪರಂಪರೆ ಅವರಿಗೆ ಬಾಯಿಪಾಠವಾಗಿತ್ತು. ‘ನಮ್ಮ ಮನೆಯ ಸಾಮಾನೇ ಅಲ್ಲಿರುವುದು, ಹೋದರೆ ಪರಕೀಯಳಾಗುವುದಿಲ್ಲ’ ಎಂಬ ಧೈರ್ಯದಲ್ಲೇ ಹೊರಟಿದ್ದರು. ಧೈರ್ಯವೇನೋ ಸರಿ. ಆದರೆ ಒಂದು ಕ್ಷೇತ್ರದ ಚರಿತ್ರೆ ಗೊತ್ತಿರುವುದಕ್ಕೂ ಸೋಮವಾರ ಬೆಳಿಗ್ಗೆ ಅದರಲ್ಲಿ ಕೆಲಸ ಮಾಡುವುದಕ್ಕೂ ತುಂಬ ದೂರ.

ಆ ಹಳೇ ಅಭ್ಯಾಸದ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಕಥೆಯೆಲ್ಲ ಅದರ ಮೇಲೆ ನಿಂತಿದೆ. ಮಾಂಟೆ ಕಾರ್ಲೊ ಸರಪಳಿಯಲ್ಲಿ ಪ್ರತಿ ಮಾದರಿಯೂ ಹಿಂದಿನದರಿಂದ ಹುಟ್ಟುತ್ತದೆ, ಹಾಗಾಗಿ ಅಕ್ಕಪಕ್ಕದವು ಒಂದನ್ನೊಂದು ಹೋಲುತ್ತವೆ. ಎಷ್ಟು ಹೆಜ್ಜೆ ನಡೆದರೆ ಹಳೆಯದರ ನೆನಪು ಅಳಿಯುತ್ತದೆ ಎಂಬುದಕ್ಕೆ ಆಟೋಕೋರಿಲೇಷನ್ ಕಾಲ ಎನ್ನುತ್ತಾರೆ. ಅದು 50 ಹೆಜ್ಜೆಯಾಗಿದ್ದರೆ, ನಿಮ್ಮ ಬಳಿ ಇರುವ 10,000 ಮಾದರಿಗಳು ನಿಜದಲ್ಲಿ 100 ಸ್ವತಂತ್ರ ಮಾದರಿಗಳಿಗೆ ಸಮ (ರೂಢಿಯ ಸೂತ್ರದಲ್ಲಿ ಆ ಕಾಲದ ಎರಡು ಪಟ್ಟಿನಿಂದ ಭಾಗಿಸುತ್ತಾರೆ). 10,000 ಎಂದುಕೊಂಡು ಎರರ್ ಬಾರ್ (ಉತ್ತರ ಎಷ್ಟು ಹಿಂದೆಮುಂದೆ ಇರಬಹುದು ಎಂಬ ಅಂದಾಜು) ಹಾಕಿದರೆ ಅದು ಹತ್ತು ಪಟ್ಟು ಚಿಕ್ಕದಾಗಿ ಕಾಣುತ್ತದೆ. ಜಾಲರಿಯನ್ನು ಸೂಕ್ಷ್ಮವಾಗಿಸಿದಷ್ಟೂ ಈ ಕಾಲ ಬೆಳೆಯುತ್ತದೆ, ಅದು ಲ್ಯಾಟಿಸ್ ಜನರ ನಿತ್ಯದ ಗೋಳು. ಹಾಗಾಗಿ ಅವರು ಯಾವ ಅಂಕಿ ಬಂದರೂ ಮೊದಲು ಅಕ್ಕಪಕ್ಕದ ಮಾದರಿಗಳನ್ನು ಗುಂಪುಗೂಡಿಸಿ, ಒಂದೊಂದೇ ಗುಂಪನ್ನು ಬಿಟ್ಟು ಲೆಕ್ಕ ಮತ್ತೆ ಮಾಡಿ (ಜ್ಯಾಕ್‌ನೈಫ್ ಎನ್ನುವುದು ಇದಕ್ಕೇ), ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡುತ್ತಾರೆ. ಅವರಿಗದು ಹಲ್ಲುಜ್ಜಿದಂತೆ, ವಿದ್ಯೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲ.

ಬಿಟ್ಟದ್ದು ಏಕೆ

ಇದರಲ್ಲಿ ನಾಟಕವೇನಿಲ್ಲ. ಎರಡನೇ ಪೋಸ್ಟ್‌ಡಾಕ್‌ನ ಗುತ್ತಿಗೆ ಮುಗಿಯುತ್ತಿತ್ತು. ಮೂರನೆಯದು ಸಿಗುತ್ತಿತ್ತು, ಬೇರೆ ಊರಿನಲ್ಲಿ, ಮತ್ತೆ ಎರಡು ವರ್ಷಕ್ಕೆ. ಕಾಯಂ ಹುದ್ದೆಗಳಿಗಿಂತ ಪೋಸ್ಟ್‌ಡಾಕ್‌ಗಳು ಎಷ್ಟೋ ಪಟ್ಟು ಹೆಚ್ಚಿರುವ ವ್ಯವಸ್ಥೆಯಲ್ಲಿ ಇನ್ನೆಷ್ಟು ಸಲ ಮನೆ ಸಾಮಾನು ಕಟ್ಟುವುದು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಅವರಿಗೆ ಬೇಸರ ತರಿಸಿದ್ದು ಬಿಟ್ಟದ್ದಕ್ಕಿಂತ ಹೆಚ್ಚಾಗಿ, ಬಿಡುತ್ತೇನೆ ಎಂದಾಗ ಹಿರಿಯರೊಬ್ಬರು ‘ಅಯ್ಯೋ, ಪಾಪ’ ಎಂದದ್ದು.

ಸಂದರ್ಶನಗಳು

ಮೊದಮೊದಲ ಸಂದರ್ಶನಗಳು ನೆಟ್ಟಗಾಗಲಿಲ್ಲ. ‘ನಿಮ್ಮ ಕೆಲಸದ ಬಗ್ಗೆ ಹೇಳಿ’ ಎಂದರೆ ಗೇಜ್ ಸಮಮಿತಿಯಿಂದ ಶುರುಮಾಡುತ್ತಿದ್ದರು. ಎದುರು ಕೂತವರ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಪ್ರಿಸಿಷನ್ ಎಂದರೇನು, ರೀಕಾಲ್ ಎಂದರೇನು, ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಎರಡು ಕೋಷ್ಟಕಗಳನ್ನು ಹೇಗೆ ಜೋಡಿಸುತ್ತೀರಿ ಎಂಬಂಥ ಪ್ರಶ್ನೆಗಳಿಗೆ ತಡವರಿಸುತ್ತಿದ್ದರು. ಎಸ್‌ಕ್ಯುಎಲ್ಲನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು ಎಂಬುದು ಕೇಳುವವರಿಗೂ ಗೊತ್ತಿರುತ್ತದೆ. ಆದರೆ ಬರುವ ಮೊದಲು ಅಷ್ಟನ್ನೂ ನೋಡಿಕೊಳ್ಳದವರು ಈ ಕೆಲಸವನ್ನು ಎರಡನೇ ದರ್ಜೆಯದೆಂದು ಭಾವಿಸಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ನನ್ನ ಮಟ್ಟಿಗೆ ಆ ಅನುಮಾನ ಪೂರ್ತಿ ಅನ್ಯಾಯದ್ದಲ್ಲ.

ರೆಸ್ಯೂಮೆಯ ನಾಲ್ಕು ಪುಟದ ಪ್ರಕಟಣೆಗಳ ಪಟ್ಟಿಯನ್ನು ಎರಡು ಸಾಲಿಗೆ ಇಳಿಸಿದರು. ಆ ಜಾಗದಲ್ಲಿ ಸಾವಿರಾರು ಪ್ರೊಸೆಸರ್‌ಗಳ ಮೇಲೆ ಓಡುವ ಸಿ++ ಕೋಡ್ ಬರೆದದ್ದು, ವಾರಗಟ್ಟಲೆ ಓಡುವ ಲೆಕ್ಕ ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಯುವ ಹಾಗೆ ಮಾಡಿದ್ದು, ಟೆರಾಬೈಟ್ ಗಾತ್ರದ ಡೇಟಾ ನಿಭಾಯಿಸಿದ್ದು ಬಂದವು. ಜ್ಯಾಕ್‌ನೈಫ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಮ್ಮಲ್ಲಿ ಕೆಲಸ ಸಿಕ್ಕಿದ್ದು ಆ ಸಿ++ ಸಾಲಿನಿಂದ.

95 ಪ್ರತಿಶತದ ಮಾದರಿ

ಅವರು ಸೇರಿದ ತಂಡದ ಕೆಲಸ, ಪಂಪು ಮೋಟರುಗಳ ಕಂಪನ ನೋಡಿ ಬೇರಿಂಗ್ ಕೆಡುತ್ತಿದೆಯೇ ಎಂದು ಮುಂಚಿತವಾಗಿ ಹೇಳುವುದು. ಯಂತ್ರದ ಮೈಗೆ ಸಂವೇದಕ ಅಂಟಿಸಿ ದಾಖಲಿಸಿದ ಕಂಪನವನ್ನು ಒಂದೊಂದು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಿದ್ದರು, ಒಂದರ ಅರ್ಧ ಇನ್ನೊಂದರ ಮೇಲೆ ಬರುವ ಹಾಗೆ. ಪ್ರತಿ ತುಂಡಿನಿಂದ ಸ್ಪೆಕ್ಟ್ರೋಗ್ರಾಂ (ಯಾವ ಹೊತ್ತಿಗೆ ಯಾವ ಆವರ್ತನ ಎಷ್ಟು ಜೋರು ಎಂದು ತೋರಿಸುವ ಚಿತ್ರ) ಮಾಡಿ, ಕನ್ವಲ್ಯೂಷನ್ ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟು, ‘ಸರಿ’ ಅಥವಾ ‘ಕೆಟ್ಟಿದೆ’ ಎಂದು ಹೇಳಿಸುವುದು. ಎಲ್ಲ ತುಂಡುಗಳನ್ನೂ ಕಲಸಿ, ಒಂದು ಪಾಲನ್ನು ಪರೀಕ್ಷೆಗೆಂದು ಎತ್ತಿಟ್ಟಿದ್ದರು. ನಿಖರತೆ 95 ಪ್ರತಿಶತದ ಮೇಲಿತ್ತು, ಎಲ್ಲರೂ ಖುಷಿಯಾಗಿದ್ದರು.

ವಾರದ ಸಭೆಯೊಂದರಲ್ಲಿ ಹೊಸ ಆವೃತ್ತಿ ಹಳೆಯದಕ್ಕಿಂತ 0.4 ಅಂಕ ಮೇಲಿದೆ ಎಂಬ ವರದಿ ಬಂತು. ಅವರು ಕೈ ಎತ್ತಿ ‘ಎರರ್ ಬಾರ್ ಎಷ್ಟು?’ ಎಂದರು. ಯಾರ ಬಳಿಯೂ ಇರಲಿಲ್ಲ. ‘ಟೆಸ್ಟ್ ಸೆಟ್‌ನಲ್ಲಿ ಸಾವಿರಾರು ತುಂಡುಗಳಿವೆಯಲ್ಲ, ಸಾಲದೇ?’ ಎಂದು ತಂಡದ ಮುಖ್ಯಸ್ಥರು ಕೇಳಿದರು. ಪ್ರಶ್ನೆ ಒರಟಲ್ಲ, ಸಹಜವಾದದ್ದು. ಒಂದು ಲೆಕ್ಕ ನೋಡಿ: 5,000 ಸ್ವತಂತ್ರ ತುಂಡುಗಳಿದ್ದು ನಿಖರತೆ 90 ಪ್ರತಿಶತವಾಗಿದ್ದರೆ, ಪ್ರಮಾಣಿತ ದೋಷ ಸುಮಾರು 0.42 ಅಂಕ. ಎರಡೂ ಆವೃತ್ತಿಗಳನ್ನು ಅದೇ ತುಂಡುಗಳ ಮೇಲೆ ಪರೀಕ್ಷಿಸಿದ್ದರೆ ಒಂದೊಂದೇ ತುಂಡಿನಲ್ಲಿ ಜೋಡಿಯಾಗಿ ಹೋಲಿಸಿ ಇನ್ನಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯಬಹುದು, ಅದು ನಿಜ. ಆದರೆ ಇದೆಲ್ಲ ತುಂಡುಗಳು ಸ್ವತಂತ್ರವಾಗಿದ್ದರೆ ಮಾತ್ರ. ಸ್ವತಂತ್ರ ತುಂಡುಗಳು 200ರಷ್ಟೇ ಎಂದಾದರೆ ಅದೇ ದೋಷ 2 ಅಂಕ ದಾಟುತ್ತದೆ, ಆಗ 0.4ಕ್ಕೆ ಅರ್ಥವೇ ಇರುವುದಿಲ್ಲ.

ಅವರು ಮಾಡಿದ್ದು ತೀರ ಸರಳ. ಟೆಸ್ಟ್ ಸೆಟ್‌ನ ತುಂಡುಗಳನ್ನು ಯಂತ್ರದ ಪ್ರಕಾರ, ಕಾಲದ ಪ್ರಕಾರ ಜೋಡಿಸಿ, ಮಾದರಿ ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಒಂದು ಸಾಲು ಬರೆದು, ಆ ಸಾಲಿನ ಆಟೋಕೋರಿಲೇಷನ್ ತೆಗೆದರು. ತಪ್ಪುಗಳು ಚದುರಿರಲಿಲ್ಲ, ಗುಂಪುಗುಂಪಾಗಿದ್ದವು, ಬೆರಳೆಣಿಕೆಯ ಯಂತ್ರಗಳಲ್ಲೇ. ಒಂದೊಂದೇ ಯಂತ್ರವನ್ನು ಬಿಟ್ಟು ಜ್ಯಾಕ್‌ನೈಫ್ ಮಾಡಿದಾಗ ಎರರ್ ಬಾರ್ ಎಷ್ಟು ಉಬ್ಬಿತೆಂದರೆ, ಹಿಂದಿನ ಹಲವು ‘ಸುಧಾರಣೆ’ಗಳು ಅದರೊಳಗೇ ಮುಳುಗಿಹೋದವು.

ಅಷ್ಟಕ್ಕೇ ಬಿಡಬಹುದಿತ್ತು. ಅವರಿಗೆ ಇನ್ನೊಂದು ಅನುಮಾನ ಬಂತು: ತುಂಡುಗಳು ಹೀಗೆ ಅಂಟಿಕೊಂಡಿವೆ ಎಂದಮೇಲೆ, ಕಲಸಿ ಪಾಲು ಮಾಡಿದಾಗ ಒಂದೇ ಯಂತ್ರದ ತುಂಡುಗಳು ತರಬೇತಿಗೂ ಹೋಗಿವೆ, ಪರೀಕ್ಷೆಗೂ ಬಂದಿವೆ. ಅರ್ಧ ಮೇಲೊಂದು ಬರುವಂತೆ ಕತ್ತರಿಸಿದ್ದರಿಂದ ಎರಡೂ ಕಡೆ ಅದೇ ಅರ್ಧ ಸೆಕೆಂಡೂ ಇದೆ. ಮೇಲಾಗಿ ಈ ದಾಖಲೆಗಳಲ್ಲಿ ಹೆಚ್ಚಿನ ಯಂತ್ರಗಳು ಮೊದಲಿನಿಂದ ಕೊನೆಯವರೆಗೆ ಒಂದೋ ಚೆನ್ನಾಗಿದ್ದವು, ಇಲ್ಲವೇ ಕೆಟ್ಟೇ ಇದ್ದವು. ಅಂದರೆ ಮಾದರಿಗೆ ಬೇರಿಂಗ್ ಬಗ್ಗೆ ಏನೂ ಗೊತ್ತಿಲ್ಲದೆ, ‘ಇದು ಯಾವ ಯಂತ್ರ’ ಎಂದು ಗುರುತು ಹಿಡಿದರೂ ಸಾಕು, ಉತ್ತರ ಸಿಗುತ್ತದೆ. ಪರೀಕ್ಷಿಸಲು ಒಂದು ಪುಟ್ಟ ಜಾಲವನ್ನು ಯಂತ್ರದ ಗುರುತು ಹೇಳುವುದಕ್ಕೆಂದೇ ತರಬೇತಿ ಮಾಡಿದರು. ಒಂದೇ ಸೆಕೆಂಡಿನ ಕಂಪನದಿಂದ ಅದು ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಿತು. ಪ್ರತಿ ಯಂತ್ರಕ್ಕೂ ಅದರದೇ ದನಿ ಇರುತ್ತದೆ: ಅಡಿಪಾಯ, ಬೋಲ್ಟಿನ ಬಿಗಿ, ಪಕ್ಕದ ಪೈಪು, ಎಲ್ಲ ಸೇರಿ.

ಆಮೇಲೆ ಸರಿಯಾಗಿ ಪಾಲು ಮಾಡಿ ನೋಡಿದರು: ಒಂದು ಯಂತ್ರ ತರಬೇತಿಯಲ್ಲಿದ್ದರೆ ಪರೀಕ್ಷೆಯಲ್ಲಿ ಇರಕೂಡದು. ನಿಖರತೆ ದಬದಬನೆ ಇಳಿಯಿತು. ‘ಎಲ್ಲವೂ ಸರಿಯಿದೆ’ ಎಂದು ಕಣ್ಣು ಮುಚ್ಚಿ ಹೇಳಿದರೆ ಬರುವ ಅಂಕಕ್ಕಿಂತ ಸ್ವಲ್ಪ ಮೇಲೆ ನಿಂತಿತು, ಅಷ್ಟೇ.

ತರಬೇತಿ ಡೇಟಾದ ಸುಳಿವು ಪರೀಕ್ಷೆಗೆ ಸೋರುವುದು ಒಂದು ಕಂಪನಿಯ ಕಥೆಯಲ್ಲ. ಕಪೂರ್ ಮತ್ತು ನಾರಾಯಣನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಷೀನ್ ಲರ್ನಿಂಗ್ ಬಳಸುವ 17 ವಿಜ್ಞಾನ ಕ್ಷೇತ್ರಗಳ ಪ್ರಬಂಧಗಳಲ್ಲಿ ಇದೇ ರೋಗ ಪತ್ತೆಯಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆ ಇದ್ದಾರೆ. ಅಂಕ ಚೆನ್ನಾಗಿ ಬಂದಾಗಲಂತೂ ಯಾರೂ ಎತ್ತನ್ನು ತಿರುಗಿ ನೋಡುವುದಿಲ್ಲ. ನನಗೆ ಕಂಡ ವ್ಯತ್ಯಾಸ ಇಷ್ಟೇ: ನಮ್ಮವರು ಕೆಟ್ಟ ಅಂಕಿ ಬಂದಾಗ ಕೋಡ್ ತಡಕಾಡುತ್ತಿದ್ದರು, ಆಕೆ ಒಳ್ಳೆಯ ಅಂಕಿ ಬಂದಾಗಲೂ ತಡಕಾಡುತ್ತಿದ್ದರು.

ತಂಡ ಇದನ್ನು ಕೊಂಡಾಡಿತು ಎಂದುಕೊಳ್ಳಬೇಡಿ. ಗ್ರಾಹಕರ ಯಂತ್ರಗಳ ಮೇಲೆ ಪ್ರಾಯೋಗಿಕ ಅಳವಡಿಕೆ ಎದುರಿಗಿತ್ತು. ಅದು ಮುಂದಕ್ಕೆ ಹೋಯಿತು. ಕೆಲವರು ಅವರ ಜೊತೆ ಮಾತು ಕಡಿಮೆ ಮಾಡಿದರು. ಸಭೆಯಲ್ಲಿ ಎಲ್ಲರೆದುರು ಚಾರ್ಟ್ ತೆರೆದದ್ದೂ ಒಂದು ಕಾರಣ. ಭೌತವಿಜ್ಞಾನದ ಸೆಮಿನಾರಿನಲ್ಲಿ ಮಾತನಾಡುವವರನ್ನು ನಡುವೆ ತಡೆದು ‘ಇದು ತಪ್ಪು’ ಎನ್ನುವುದು ಮರ್ಯಾದೆಯ ಒಳಗೇ ಬರುತ್ತದೆ. ಕಂಪನಿಯಲ್ಲಿ ಅದನ್ನು ಮೊದಲು ಸಂಬಂಧಪಟ್ಟವರ ಟೇಬಲ್ಲಿಗೆ ಹೋಗಿ ಹೇಳುತ್ತಾರೆ. ‘ಮುಂದಿನ ಸಲ ಸಭೆಗೆ ಮೊದಲೇ ತೋರಿಸಿ’ ಎಂದೆ. ‘ಸತ್ಯಕ್ಕೆ ಅಪಾಯಿಂಟ್‌ಮೆಂಟ್ ಬೇರೆ ಬೇಕೇ?’ ಎಂದು ಸಿಡುಕಿದರು. ಆದರೂ ಮುಂದಿನ ಸಲ ಮೊದಲೇ ತೋರಿಸಿದರು.

ಸಿದ್ಧಾಂತ ಕೈಕೊಟ್ಟಲ್ಲಿ

ಮಾದರಿ ಬಿದ್ದಿತು, ಸರಿ, ಮುಂದೇನು? ಈಗ ಅವರೊಳಗಿನ ಸಿದ್ಧಾಂತಿ ಎದ್ದು ಕೂತರು. ಆರೋಗ್ಯವಂತ ಯಂತ್ರದ ಕಂಪನಕ್ಕೆ ಕಡಿಮೆ ಶಕ್ತಿ, ಕೆಟ್ಟದ್ದಕ್ಕೆ ಹೆಚ್ಚು ಶಕ್ತಿ ಕೊಡುವ ಒಂದು ಮಾದರಿ, ಕಾಲದಲ್ಲಿ ಹಿಂದೆಮುಂದೆ ಸರಿಸಿದರೂ ಬದಲಾಗದ ಸಮಮಿತಿ, ಹೈಬ್ರಿಡ್ ಮಾಂಟೆ ಕಾರ್ಲೊದಿಂದ ತರಬೇತಿ. ಬಿಳಿಹಲಗೆಯ ಮೇಲೆ ನೋಡಲು ಬಹಳ ಚೆನ್ನಾಗಿತ್ತು. ತಿಂಗಳುಗಳು ಹೋದವು. ತರಬೇತಿ ಒಮ್ಮೆ ನೆಲೆಗೆ ಬರುತ್ತಿತ್ತು, ಒಮ್ಮೆ ಹಾರಿಹೋಗುತ್ತಿತ್ತು.

ಆ ಹೊತ್ತಿಗೆ ತಂಡದ ಕಿರಿಯ ಇಂಜಿನಿಯರ್ ಒಬ್ಬರು ಕಂಪನದ ವರ್ಗಗಳ ಸರಾಸರಿಯ ವರ್ಗಮೂಲ, ಶಿಖರದ ಎತ್ತರ, ಅಪರೂಪದ ದೊಡ್ಡ ಬಡಿತಗಳನ್ನು ಎತ್ತಿ ತೋರಿಸುವ ಕರ್ಟೋಸಿಸ್ ಮುಂತಾದ ಹತ್ತಾರು ಅಂಕಿಗಳನ್ನಷ್ಟೇ ತೆಗೆದು ಗ್ರೇಡಿಯಂಟ್ ಬೂಸ್ಟಿಂಗ್ ಮರಗಳಿಗೆ (ಒಂದರ ತಪ್ಪನ್ನು ಮುಂದಿನದು ತಿದ್ದುವ ನಿರ್ಧಾರ ಮರಗಳ ಸಾಲು) ಕೊಟ್ಟು, ಸರಿಯಾದ ಪಾಲಿನ ಮೇಲೆ ಆ ಶಕ್ತಿ ಮಾದರಿಯನ್ನು ಸುಲಭವಾಗಿ ಹಿಂದೆ ಹಾಕಿದರು. ಭೌತವಿಜ್ಞಾನಿಗೆ ಅದು ಅವಮಾನದಂತೆ ಕಂಡಿತು, ಮರೆಮಾಚಲೂ ಇಲ್ಲ. ‘ಅದರಲ್ಲಿ ಅರ್ಥ ಮಾಡಿಕೊಳ್ಳಲು ಏನಿದೆ?’ ಎಂದು ನನ್ನ ಬಳಿ ಕೇಳಿದರು. ಅರ್ಥವಾಗದೆ ಕೆಲಸ ಮಾಡುವ ವಸ್ತುವಿನ ಜೊತೆ ಬದುಕುವುದು ಈ ವರ್ಗಾವಣೆಯ ಅತ್ಯಂತ ಕಷ್ಟದ ಭಾಗ ಎಂದು ನಾನು ತಿಳಿದಿದ್ದೇನೆ. ಪೈಥಾನ್ ಕಲಿಯುವುದು ಇದರ ಮುಂದೆ ಏನೂ ಅಲ್ಲ.

ತಿರುವು ಬಂದದ್ದು ಗ್ರಾಹಕರ ಕಡೆಯ ನಿರ್ವಹಣಾ ತಂತ್ರಜ್ಞರೊಬ್ಬರಿಂದ. ಡೇಟಾ ದಾಖಲಿಸುವಾಗ ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದವೇ ಎಂದು ಅವರನ್ನು ಕೇಳಲು ಹೋಗಿದ್ದರು. ‘ಮೇಡಂ, ನಾವು ಹರ್ಟ್ಜ್ ನೋಡುವುದೇ ಇಲ್ಲ. ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಸಲ ಬಡಿಯುತ್ತದೆ ಅಂತ ನೋಡ್ತೀವಿ’ ಎಂದರು ಆ ತಂತ್ರಜ್ಞ.

ಬೇರಿಂಗ್‌ನ ಹೊರ ಉಂಗುರದಲ್ಲಿ ಗುಳಿ ಬಿದ್ದರೆ, ಒಳಗಿನ ಗುಂಡು ಪ್ರತಿ ಸಲ ಅದರ ಮೇಲೆ ಹಾದಾಗ ಒಂದು ಸಣ್ಣ ಬಡಿತ. ಆ ಬಡಿತದ ಆವರ್ತನ, ಗುಂಡುಗಳ ಸಂಖ್ಯೆಯನ್ನು ಶಾಫ್ಟಿನ ಆವರ್ತನದಿಂದ ಗುಣಿಸಿದ್ದರ ಸುಮಾರು 0.4 ಪಟ್ಟು, ಒಳ ಉಂಗುರಕ್ಕೆ ಸುಮಾರು 0.6 ಪಟ್ಟು. ನಿಖರವಾದ ಗುಣಾಂಕ ಗುಂಡಿನ ವ್ಯಾಸ, ಬೇರಿಂಗಿನ ವ್ಯಾಸ, ಸ್ಪರ್ಶಕೋನಗಳ ಮೇಲೆ ಹೋಗುತ್ತದೆ. ಒಂಬತ್ತು ಗುಂಡಿನ ಬೇರಿಂಗ್ ನಿಮಿಷಕ್ಕೆ 1,500 ಸುತ್ತು, ಅಂದರೆ 25 ಹರ್ಟ್ಜ್‌ನಲ್ಲಿ ತಿರುಗಿದರೆ ಹೊರ ಉಂಗುರದ ದೋಷ 90 ಹರ್ಟ್ಜ್ ಆಸುಪಾಸಿನಲ್ಲಿ ಕಾಣುತ್ತದೆ. ಅದೇ ಬೇರಿಂಗ್ 1,800 ಸುತ್ತಿನಲ್ಲಿ ತಿರುಗಿದರೆ 108 ಹರ್ಟ್ಜ್‌ನಲ್ಲಿ. ಹರ್ಟ್ಜ್‌ನಲ್ಲಿ ಬರೆದ ಸ್ಪೆಕ್ಟ್ರೋಗ್ರಾಂ ನೋಡುವ ಜಾಲಕ್ಕೆ ಇವೆರಡೂ ಬೇರೆ ಬೇರೆ ರೋಗ. ಶಾಫ್ಟಿನ ಆವರ್ತನದಿಂದ ಭಾಗಿಸಿ: ಎರಡೂ 3.6.

ಮೆಕ್ಯಾನಿಕಲ್ ಇಂಜಿನಿಯರುಗಳು ಇದನ್ನು ಆರ್ಡರ್ ವಿಶ್ಲೇಷಣೆ ಎಂದು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಭೌತವಿಜ್ಞಾನದಲ್ಲಿ ಇದು ಪದವಿಯ ಮೊದಲ ವರ್ಷದ ಪಾಠ: ಆಯಾಮವಿಲ್ಲದ ರಾಶಿ ಮಾಡಿಕೋ, ಆಮೇಲೆ ಹೋಲಿಸು. ‘ರೀನಾರ್ಮಲೈಸೇಷನ್ ಗ್ರೂಪ್ ಹಿಡಿದುಕೊಂಡು ಓಡಾಡುತ್ತಿದ್ದೆ, ಬೇಕಾಗಿದ್ದದ್ದು ಒಂದು ಭಾಗಾಕಾರ’ ಎಂದು ನಕ್ಕರು. ಕಂಪನವನ್ನು ಸಮಯದ ಬದಲು ಶಾಫ್ಟಿನ ಕೋನದ ಪ್ರಕಾರ ಮರುಮಾದರಿ ಮಾಡಿ, ಆರ್ಡರ್ ಸ್ಪೆಕ್ಟ್ರಮ್‌ನಿಂದ ತೆಗೆದ ಅಂಕಿಗಳನ್ನು ಅದೇ ಮರಗಳಿಗೆ ಕೊಟ್ಟಾಗ, ಎಂದೂ ನೋಡದ ಯಂತ್ರಗಳ ಮೇಲೂ ಮಾದರಿ ನಿಂತಿತು. ಹಳೆಯ 95ನ್ನು ಮುಟ್ಟಲಿಲ್ಲ. ಆದರೆ ಈ ಅಂಕಿಗೆ ಎರರ್ ಬಾರ್ ಇತ್ತು, ಅಳವಡಿಕೆಯ ನಂತರ ಗ್ರಾಹಕರ ಯಂತ್ರಗಳಲ್ಲಿ ಕಂಡದ್ದು ಆ ಬಾರಿನ ಒಳಗೇ ಬಂತು.

ಹೊಂದದೇ ಉಳಿದದ್ದು

ಕೋಡ್ ವಿಷಯದಲ್ಲಿ ಅವರು ನಿಧಾನವಾಗಿ ಪಳಗಿದರು. ಒಬ್ಬರೇ ಬರೆದು ಒಬ್ಬರೇ ಓಡಿಸುವ ಸಂಶೋಧನಾ ಕೋಡ್‌ನಲ್ಲಿ ಚರಗಳಿಗೆ ಒಂದಕ್ಷರದ ಹೆಸರಿಟ್ಟರೂ ನಡೆಯುತ್ತದೆ. ಇಲ್ಲಿ ಬರೆದದ್ದನ್ನು ನಾಳೆ ಇನ್ನೊಬ್ಬರು ನಡುರಾತ್ರಿ ರಿಪೇರಿ ಮಾಡಬೇಕಾಗುತ್ತದೆ ಎಂಬುದು ಮೊದಲ ಕೋಡ್ ರಿವ್ಯೂಗಳಲ್ಲಿ ಗಂಟಲಿಗೆ ಸಿಕ್ಕಿಕೊಂಡಿತು, ಆಮೇಲೆ ಇಳಿಯಿತು.

ಸೀಡ್‌ಗಳ ಜಗಳ ಮಾತ್ರ ಇನ್ನೂ ಇದೆ. ಒಂದೇ ಜಾಲವನ್ನು ಬೇರೆ ಬೇರೆ ಯಾದೃಚ್ಛಿಕ ಆರಂಭದಿಂದ ತರಬೇತಿ ಮಾಡಿದರೆ ಬೇರೆ ಬೇರೆ ಅಂಕ ಬರುತ್ತದೆ. ಹಾಗಾಗಿ ಯಾವುದೇ ಹೋಲಿಕೆಗೆ ಹಲವು ಸೀಡ್‌ಗಳ ಫಲಿತಾಂಶ ಬೇಕು ಎಂಬುದು ಅವರ ಹಟ. ಗ್ರಾಫಿಕ್ಸ್ ಪ್ರೊಸೆಸರ್‌ಗಳ ಬಾಡಿಗೆ ಕಟ್ಟುವವರ ವಾದ ಬೇರೆ. ಸಣ್ಣ ಮಾದರಿಗಳಲ್ಲಿ ಅವರು ಗೆದ್ದಿದ್ದಾರೆ, ದೊಡ್ಡವುಗಳಲ್ಲಿ ದುಡ್ಡು ಗೆದ್ದಿದೆ. ಭಾರೀ ಭಾಷಾ ಮಾದರಿ ಕಟ್ಟುವವರು ಪ್ರತಿಯೊಂದನ್ನೂ ಹತ್ತು ಸಲ ತರಬೇತಿ ಮಾಡಲಾರರು. ಅಲ್ಲಿ ಸಣ್ಣ ಮಾದರಿಗಳಿಂದ ದೊಡ್ಡದರ ನಡವಳಿಕೆಯನ್ನು ಊಹಿಸುತ್ತಾರೆ. ಸೈದ್ಧಾಂತಿಕ ಭೌತವಿಜ್ಞಾನದಿಂದ ಬಂದ ಜ್ಯಾರೆಡ್ ಕ್ಯಾಪ್ಲನ್ ಮತ್ತು ಸಂಗಡಿಗರು 2020ರಲ್ಲಿ ಆ ಊಹೆಗೆ ಘಾತ ನಿಯಮಗಳ ರೂಪ ಕೊಟ್ಟರು. ಲಾಗ್-ಲಾಗ್ ಕಾಗದದ ಮೇಲೆ ನೇರ ಗೆರೆ ಕಂಡರೆ ಭೌತವಿಜ್ಞಾನಿಗೆ ಸಿಗುವ ಸಮಾಧಾನ ಬೇರೆ. ಆದರೆ ಲೆಕ್ಕಶಕ್ತಿ ಹೆಚ್ಚಿದಂತೆ ಅದನ್ನು ಮಾದರಿಯ ಗಾತ್ರಕ್ಕೆ ಎಷ್ಟು, ಡೇಟಾಗೆ ಎಷ್ಟು ಹಂಚಬೇಕು ಎಂಬುದಕ್ಕೆ 2022ರಲ್ಲಿ ಇನ್ನೊಂದು ತಂಡ ಬೇರೆಯದೇ ಉತ್ತರ ಪಡೆಯಿತು. ಈ ಎರಡು ಪ್ರಬಂಧಗಳನ್ನು ಅವರು ನಮ್ಮ ಹೊಸಬರಿಗೆ ಒಟ್ಟಿಗೇ ಓದಲು ಕೊಡುತ್ತಾರೆ.

ಪ್ರಕಟಣೆ ನಿಂತುಹೋದದ್ದು ಅವರನ್ನು ಕಾಡುತ್ತದೆ. ಬೇರಿಂಗ್ ಕೆಲಸ ಹೊರಗೆ ಹೇಳುವಂತಿಲ್ಲ. ಹಳೆಯ ಸಹೋದ್ಯೋಗಿಗಳಿಗೆ ‘ಏನು ಮಾಡ್ತಿದ್ದೀಯ’ ಎಂದರೆ ಕೊಡಲು ಒಂದು ಪ್ರಬಂಧವೂ ಇಲ್ಲ. ಸಂಬಳ ಹೆಚ್ಚಿದ್ದು ಆ ಕೊರತೆಯನ್ನು ತುಂಬುವುದಿಲ್ಲ ಎಂದು ಅವರು ಹೇಳುವಾಗ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ, ಆದರೆ ಅರ್ಧ ನಂಬುತ್ತೇನೆ.

ಈಗ

ತಂಡದ ಮೌಲ್ಯಮಾಪನದ ಕೆಲಸ ಪೂರ್ತಿ ಅವರ ಕೈಯಲ್ಲಿದೆ. ಡೇಟಾ ಪಾಲು ಮಾಡುವ ಕೋಡ್ ಯಂತ್ರದ ಗುರುತು ಕೊಡದೆ ಓಡುವುದೇ ಇಲ್ಲ. ನಮ್ಮ ಸಂದರ್ಶನಗಳಲ್ಲಿ ಭೌತವಿಜ್ಞಾನದಿಂದ ಬಂದವರು ಕೂತರೆ, ‘ನಿಮ್ಮ ಪ್ರಬಂಧದ ಒಂದು ಅಂಕಿಯ ಎರರ್ ಬಾರ್ ಎಲ್ಲಿಂದ ಬಂತು, ಮೊದಲಿನಿಂದ ಹೇಳಿ’ ಎಂದು ಅವರೇ ಕೇಳುತ್ತಾರೆ. ಗೇಜ್ ಸಮಮಿತಿಯಿಂದ ಶುರುಮಾಡುವವರನ್ನು ಮಧ್ಯದಲ್ಲೇ ತಡೆಯುತ್ತಾರೆ.

ಮುಂಚೆಯೇ, ಪೋಸ್ಟ್‌ಡಾಕ್ ನಡೆಯುತ್ತಿರುವಾಗಲೇ, ಈ ಕಡೆ ತಿರುಗಬೇಕಿತ್ತು ಎಂದು ಅವರು ಹೇಳುತ್ತಾರೆ. ಆಗ ಒಂದು ದಾರಿ ತೆರೆದೂ ಇತ್ತು: ಆಲ್ಬರ್ಗೊ, ಕನ್ವರ್, ಶನಹಾನ್ 2019ರಲ್ಲಿ ನ್ಯೂರಲ್ ನೆಟ್‌ವರ್ಕ್‌ಗಳಿಂದಲೇ ಲ್ಯಾಟಿಸ್ ಮಾದರಿಗಳನ್ನು ಹೆಕ್ಕುವ ವಿಧಾನ ತೋರಿಸಿದ್ದರು, ಆಟೋಕೋರಿಲೇಷನ್ನಿನ ಕಾಟ ತಪ್ಪಿಸುವುದೇ ಅದರ ಗುರಿ. ಅದರಲ್ಲಿ ತೊಡಗಿದ್ದರೆ ಎರಡೂ ಕಡೆ ಕಾಲಿಡಬಹುದಿತ್ತು ಎಂಬುದು ಅವರ ಲೆಕ್ಕ. ನಾನು ಒಪ್ಪುವುದಿಲ್ಲ. ಅವರನ್ನು ಇಲ್ಲಿ ಬೆಲೆಯುಳ್ಳವರನ್ನಾಗಿ ಮಾಡಿದ್ದು ಆ ಕಾಟದ ಜೊತೆ ಕಳೆದ ವರ್ಷಗಳೇ. ಈ ಚರ್ಚೆ ಇನ್ನೂ ನಡೆಯುತ್ತಿದೆ, ಸಾಮಾನ್ಯವಾಗಿ ಯಾವುದಾದರೂ ತರಬೇತಿ ಮುಗಿಯಲೆಂದು ಇಬ್ಬರೂ ಕಾಯುತ್ತಿರುವಾಗ.